ನಿಮಗಿದು ಗೊತ್ತೇ? ಕಲೆ ಕಾಯುವವರೂ ಕಲಾವಿದರೇ

ಮಸ್ಕಿಯ ಗುಡ್ಡದ ಗವಿಯಲ್ಲಿ ಅಶೋಕನ ಶಾಸನ ಬೆಳಕಿಗೆ ಬಂದದ್ದು 1915ರಲ್ಲಿ. ಅದನ್ನು ಕಂಡವರು ಚಿನ್ನದ ಜಾಡು ಹಿಡಿದು ಬಂದಿದ್ದ ಗಣಿ ಎಂಜಿನಿಯರ್ ಸಿ. ಬೀಡನ್. 'ದೇವಾನಾಂಪ್ರಿಯ'ನೇ ಅಶೋಕ ಎಂದು ಹೆಸರು ಹಿಡಿದು ಹೇಳಿದ ಮೊದಲ ಶಾಸನವಿದು. ಇಷ್ಟು ನಮ್ಮ ಭಾಗದ ಶಾಲೆ ಮಕ್ಕಳಿಗೂ ಗೊತ್ತು. ಇದನ್ನು ಪ್ರಕಟಿಸಿದ ನಿಜಾಮರ ಪುರಾತತ್ವ ಇಲಾಖೆಗೆ ಆಗ ಒಂದೇ ವರ್ಷದ ವಯಸ್ಸು ಎಂಬುದು ಗೊತ್ತೇ? ಎಚ್. ಕೃಷ್ಣಶಾಸ್ತ್ರಿಗಳು ಬರೆದ ಮಸ್ಕಿ ಶಾಸನದ ಪುಸ್ತಕವೇ ಆ ಇಲಾಖೆಯ ಪ್ರಕಟಣಾ ಮಾಲೆಯ ಮೊದಲ ಸಂಚಿಕೆ.

ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಹಾಗೆ ಅಜಂತಾ ಕೂಡ 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇತ್ತು. ಮಸ್ಕಿಯ ಬಂಡೆಯನ್ನು ನೋಡಿಕೊಂಡ, ಗುಲಾಮ್ ಯಜ್ದಾನಿ ನಿರ್ದೇಶಕರಾಗಿದ್ದ ಆ ಪುರಾತತ್ವ ಇಲಾಖೆಯೇ ಅಜಂತಾದ ಗುಹೆಗಳನ್ನೂ ನೋಡಿಕೊಳ್ಳುತ್ತಿತ್ತು. ಆ ಗುಹೆಗಳ ಉಸ್ತುವಾರಿಗೆ ಇಲಾಖೆ ನೇಮಿಸಿದ್ದು ಯಾರನ್ನು? ಚಿತ್ರಕಾರ ಸೈಯದ್ ಅಹ್ಮದ್ ಅವರನ್ನು! ಗುಹೆಗಳನ್ನು ಕಾಯುವುದು ಅವರ ನೌಕರಿ, ಗೋಡೆಯ ಚಿತ್ರಗಳನ್ನು ಗೆರೆಗೆ ಗೆರೆ, ಬಣ್ಣಕ್ಕೆ ಬಣ್ಣ ಹೊಂದಿಸಿ ನಕಲು ಮಾಡುವುದು ಅವರ ಕಲೆ. ಅವರ ಮತ್ತು ಮೊಹಮ್ಮದ್ ಜಲಾಲುದ್ದೀನ್ ಅವರ ಕೈಯ ಅಜಂತಾ ಪ್ರತಿಗಳು ಹೈದರಾಬಾದಿನ ಪಬ್ಲಿಕ್ ಗಾರ್ಡನ್ಸ್‌ನ ವಸ್ತುಸಂಗ್ರಹಾಲಯದಲ್ಲಿವೆ.

ನಕಲು ಮಾಡುವುದೇನು ದೊಡ್ಡ ಕಲೆ ಎನ್ನುವವರು ಒಂದು ಸಂಗತಿ ಕೇಳಬೇಕು. ರಾಬರ್ಟ್ ಗಿಲ್ ವರ್ಷಗಟ್ಟಲೆ ದುಡಿದು ಮಾಡಿದ ಅಜಂತಾ ಪ್ರತಿಗಳಲ್ಲಿ ಬಹುಪಾಲು 1866ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಬೆಂಕಿಗೆ ಆಹುತಿಯಾದವು. ಆಮೇಲೆ ಜಾನ್ ಗ್ರಿಫಿತ್ಸ್ ತನ್ನ ವಿದ್ಯಾರ್ಥಿಗಳ ಜೊತೆ ಮಾಡಿದ ಪ್ರತಿಗಳಲ್ಲೂ ಹಲವು 1885ರಲ್ಲಿ ಲಂಡನ್ನಿನಲ್ಲೇ ಸುಟ್ಟುಹೋದವು. ಗೋಡೆಯ ಬಣ್ಣವೋ ಮಾಸುತ್ತಲೇ ಇತ್ತು. ಮತ್ತೆ ಕುಂಚ ಹಿಡಿದವರಿಂದಲೇ ಆ ಮುಖಗಳ ದಾಖಲೆ ಉಳಿಯಿತು.

ಇದರಲ್ಲಿ ಕನ್ನಡಿಗರ ಪಾಲೂ ಇದೆ. 1909ರಿಂದ 1911ರ ನಡುವೆ ಲೇಡಿ ಹೆರಿಂಗ್‌ಹ್ಯಾಮ್ ಅಜಂತಾದಲ್ಲಿ ಪ್ರತಿ ಮಾಡಿಸಿದಾಗ ಸೈಯದ್ ಅಹ್ಮದ್, ನಂದಲಾಲ್ ಬೋಸ್, ಅಸಿತ್ ಕುಮಾರ್ ಹಾಲ್ದಾರ್ ಅವರೊಂದಿಗೆ ಮೈಸೂರಿನ ಕೆ. ವೆಂಕಟಪ್ಪನವರೂ ದುಡಿದಿದ್ದರು. ಆ ಪ್ರತಿಗಳ ಪುಸ್ತಕ ಅಚ್ಚಾದದ್ದು 1915ರಲ್ಲಿ, ಮಸ್ಕಿ ಶಾಸನದ ಪುಸ್ತಕ ಹೊರಬಂದ ವರ್ಷವೇ.

ಲಿಂಗಸುಗೂರು ತಾಲ್ಲೂಕಿನ ಪಿಕ್ಲಿಹಾಳದ ಬಂಡೆಗಳ ಮೇಲೆ ನವಶಿಲಾಯುಗದ ದನಗಾಹಿಗಳು ಕಲ್ಲಿನಿಂದ ಕುಟ್ಟಿ ಮೂಡಿಸಿದ ಗೂಳಿಗಳಿವೆ. ಇಲ್ಲಿ ಅಗೆದ ಎಫ್. ಆರ್. ಆಲ್ಚಿನ್, ಡಿ. ಎಚ್. ಗಾರ್ಡನ್ ಜೊತೆಗೂಡಿ 1955ರಲ್ಲಿ ರಾಯಚೂರು ಸೀಮೆಯ ಬಂಡೆ ಚಿತ್ರಗಳ ಬಗ್ಗೆ ಲೇಖನ ಬರೆದರು. ಹಗಲೆಲ್ಲ ದನ ಕಾಯ್ದವರೇ ದನದ ಚಿತ್ರ ಬರೆದರು. ಕಾಯುವ ಕೆಲಸ, ಬರೆಯುವ ಕೆಲಸ ಎರಡೂ ಒಂದೇ ಕೈಯಲ್ಲಿದ್ದದ್ದು ಈ ನೆಲಕ್ಕೆ ಹೊಸದೇನಲ್ಲ.

ಮಸ್ಕಿಯಲ್ಲಿ 1954ರಲ್ಲಿ ಉತ್ಖನನ ಮಾಡಿದವರು ಬಿ. ಕೆ. ಥಾಪರ್. ಇಂಥ ಉತ್ಖನನದ ವರದಿಗಳಲ್ಲಿ ಮಡಕೆಯ ಚಿತ್ರ ಗಮನಿಸಿದ್ದೀರಾ? ಒಂದು ಅರ್ಧದಲ್ಲಿ ಮಡಕೆಯನ್ನು ಸೀಳಿದಂತೆ ಗೋಡೆಯ ದಪ್ಪ, ಇನ್ನೊಂದು ಅರ್ಧದಲ್ಲಿ ಹೊರಮೈ. ಅಂಗೈಯಗಲದ ಚೂರು ನೋಡಿ ಇಡೀ ಮಡಕೆಯ ಆಕಾರವನ್ನು ಕಾಗದಕ್ಕಿಳಿಸುವವರು ಇಲಾಖೆಯ ನಕ್ಷೆಗಾರರು. ಓದುವವರು ಅಗೆದವರ ಹೆಸರು ನೆನಪಿಡುತ್ತಾರೆ, ಬರೆದವರ ಹೆಸರು ಕೇಳುವುದೇ ಇಲ್ಲ. ಇದು ಸರಿಯಲ್ಲ.

ಶಾಸನದ ಅಚ್ಚು ತೆಗೆಯುವುದೂ ಹಾಗೆಯೇ. ಕಲ್ಲು ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್‌ನಿಂದ ಬಡಿದು ಅಕ್ಷರದ ಕುಳಿಗೆ ಕೂರಿಸಿ, ಮೇಲೆ ಮಸಿ ತಟ್ಟಿದರೆ ಕಪ್ಪು ನೆಲದ ಮೇಲೆ ಬಿಳಿ ಅಕ್ಷರ ಏಳುತ್ತದೆ. ಬಡಿತ ಹೆಚ್ಚಾದರೆ ಕಾಗದ ಹರಿಯುತ್ತದೆ, ಕಡಿಮೆಯಾದರೆ ಅಕ್ಷರ ಬರುವುದಿಲ್ಲ. ಇಂಥ ಅಚ್ಚುಗಳನ್ನು ತೆಗೆಯುವ ಕೇಂದ್ರ ಪುರಾತತ್ವ ಇಲಾಖೆಯ ಶಾಸನ ವಿಭಾಗದ ಮುಖ್ಯ ಕಚೇರಿ 1966ರಲ್ಲಿ ಊಟಿಯಿಂದ ಮೈಸೂರಿಗೆ ಬಂತು.

ಮೈಸೂರು ಎಂದಾಗ ಪಿ. ಆರ್. ತಿಪ್ಪೇಸ್ವಾಮಿಯವರನ್ನು ನೆನೆಯದೆ ಮುಂದೆ ಹೋಗಲಾಗದು. ಹಿರಿಯೂರು ತಾಲ್ಲೂಕಿನ ಹರ್ತಿಕೋಟೆಯಲ್ಲಿ 1922ರಲ್ಲಿ ಹುಟ್ಟಿದ ಅವರು ಜಲವರ್ಣದ ನಿಸರ್ಗಚಿತ್ರಗಳಿಗೆ ಹೆಸರಾದವರು. ಮಾನಸಗಂಗೋತ್ರಿಯ ಜಾನಪದ ವಸ್ತುಸಂಗ್ರಹಾಲಯವನ್ನು ಜೀ.ಶಂ. ಪರಮಶಿವಯ್ಯನವರ ಜೊತೆ ಕಟ್ಟಿ ಬೆಳೆಸಿ, ಅದರ ಕ್ಯುರೇಟರ್ ಆಗಿ ದುಡಿದರು. ಊರೂರು ತಿರುಗಿ ಸೋಮನ ಮುಖ, ತೊಗಲು ಗೊಂಬೆ, ಕೃಷಿಯ ಹತಾರು ತಂದು ಜಯಲಕ್ಷ್ಮೀವಿಲಾಸ ಅರಮನೆಯಲ್ಲಿ ಜೋಡಿಸಿದ ಕೈಯೇ ಕುಂಚವನ್ನೂ ಹಿಡಿಯುತ್ತಿತ್ತು. ಅಲ್ಲಿ ವಸ್ತುಗಳನ್ನು ಇಟ್ಟಿರುವ ಅಂದದಲ್ಲಿ ಚಿತ್ರಕಾರನ ಕಣ್ಣು ಕಾಣುತ್ತದೆ. ಕರ್ನಾಟಕದಲ್ಲಿ ಈ ವಿಷಯಕ್ಕೆ ಒಂದೇ ಹೆಸರು ಹೇಳಿ ಎಂದರೆ ನಾನು ಹೇಳುವುದು ಇವರದೇ. ಅವರು ತೀರಿಕೊಂಡದ್ದು 2000ದಲ್ಲಿ.

ಕರ್ನಾಟಕದ ಆಚೆಗೂ ಇಂಥವರಿದ್ದಾರೆ. ಭೋಪಾಲದ ಭಾರತ ಭವನ 1982ರಲ್ಲಿ ತೆರೆಯಿತು. ಅದರ ಕಲಾ ವಸ್ತುಸಂಗ್ರಹಾಲಯ ಕಟ್ಟಿದ ಜೆ. ಸ್ವಾಮಿನಾಥನ್ ಸ್ವತಃ ಚಿತ್ರಕಾರ. ಪಾಟನ್‌ಗಢದ ಗೋಂಡ ಹುಡುಗ ಜಂಗಢ ಸಿಂಗ್ ಶ್ಯಾಮ್‌ಗೆ ಅಲ್ಲಿನ ಗ್ರಾಫಿಕ್ ವಿಭಾಗದಲ್ಲಿ ನೌಕರಿ ಸಿಕ್ಕಿತು. 1989ರಲ್ಲಿ ಆ ನೌಕರನ ಚಿತ್ರಗಳು ಪ್ಯಾರಿಸ್ಸಿನ ಪಾಂಪಿಡು ಕೇಂದ್ರದ ಪ್ರದರ್ಶನದಲ್ಲಿದ್ದವು!

ಅದೇ ಭಾರತ ಭವನದ ಕಟ್ಟಡಕ್ಕೆ ಕಲ್ಲು ಮಣ್ಣು ಹೊತ್ತ ಭೀಲ ಕೂಲಿ ಹೆಣ್ಣುಮಗಳು ಭೂರಿ ಬಾಯಿ. ನಿಮ್ಮ ಊರಲ್ಲಿ ಗೋಡೆಗೆ ಬರೆಯುವುದನ್ನು ಇಲ್ಲಿ ಬರೆದು ತೋರಿಸು ಎಂದವರು ಸ್ವಾಮಿನಾಥನ್. 2021ರಲ್ಲಿ ಆಕೆಗೆ ಪದ್ಮಶ್ರೀ ಬಂತು.

ಕಡಲಾಚೆಯೂ ಇದೇ ಕಥೆ. ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂನಲ್ಲಿ 1953ರಿಂದ 1960ರವರೆಗೆ ಕಾವಲುಗಾರನಾಗಿದ್ದ ರಾಬರ್ಟ್ ರೈಮನ್ ಮೊದಲು ಸ್ಯಾಕ್ಸೋಫೋನ್ ವಾದಕ. ಗೋಡೆಯ ಚಿತ್ರಗಳನ್ನು ದಿನವಿಡೀ ನೋಡುತ್ತಾ ನಿಂತವನು ತಾನೇ ಬಣ್ಣ ಕೊಂಡು ತಂದ. ಬರೀ ಬಿಳಿಯ ಚಿತ್ರಗಳಿಂದ ಅವನು ಪ್ರಸಿದ್ಧನಾದ. ಡ್ಯಾನ್ ಫ್ಲೇವಿನ್, ಸೋಲ್ ಲೆವಿಟ್ ಕೂಡ ಅಲ್ಲಿ ಸಣ್ಣ ನೌಕರಿಯಲ್ಲಿದ್ದವರೇ.

ಅದೇ ಊರಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ 1935ರಿಂದಲೂ ನೌಕರರ ಕಲಾಪ್ರದರ್ಶನ ನಡೆಯುತ್ತಿದೆ. ಆದರೆ ಸಾರ್ವಜನಿಕರಿಗೆ ಅದರ ಬಾಗಿಲು ತೆರೆದದ್ದು 2022ರ ಜೂನ್‌ನಲ್ಲಿ. 450ಕ್ಕೂ ಹೆಚ್ಚು ಕೃತಿಗಳು! ಕಾವಲುಗಾರರು, ಗ್ರಂಥಪಾಲಕರು, ತಂತ್ರಜ್ಞರು ಎಲ್ಲರದೂ ಒಂದೇ ಸಾಲಿನಲ್ಲಿ.

ನಮ್ಮಲ್ಲಿ ಸರ್ಕಾರಿ ನಿಯಮ ಅಡ್ಡ ಬರುತ್ತದೆಯೇ? ಇಲ್ಲ. 1964ರ ಕೇಂದ್ರ ನೌಕರರ ನಡತೆ ನಿಯಮಗಳ ಪ್ರಕಾರ, ಕಚೇರಿ ಕೆಲಸಕ್ಕೆ ತೊಂದರೆಯಾಗದಂತೆ ಆಗೀಗ ಮಾಡುವ ಸಾಹಿತ್ಯ, ಕಲೆ, ವಿಜ್ಞಾನದ ಕೆಲಸಕ್ಕೆ ಮೊದಲೇ ಅನುಮತಿ ಪಡೆಯಬೇಕಿಲ್ಲ. ಕೇಂದ್ರ ಪುರಾತತ್ವ ಇಲಾಖೆಯ ನೌಕರರಿಗೂ ಇದು ಅನ್ವಯ.

ಮೇ 18 ಅಂತರರಾಷ್ಟ್ರೀಯ ವಸ್ತುಸಂಗ್ರಹಾಲಯ ದಿನ. ರಾಯಚೂರಿನ ನವರಂಗ ದರ್ವಾಜಾದ ವಸ್ತುಸಂಗ್ರಹಾಲಯದಲ್ಲಿ ಅಂದು ಒಂದು ಗೋಡೆಯನ್ನಾದರೂ ನೌಕರರ ಚಿತ್ರಗಳಿಗೆ, ಶಿಲ್ಪಗಳಿಗೆ, ಕಸೂತಿಗೆ ಬಿಟ್ಟುಕೊಡಲಿ. ಮಸ್ಕಿ, ಸಿಂಧನೂರು, ಲಿಂಗಸುಗೂರಿನ ಶಾಲೆಗಳು ಮಕ್ಕಳನ್ನು ಕರೆದುಕೊಂಡು ಬರಲಿ. ಪ್ರತಿ ಕೃತಿಯ ಕೆಳಗೆ ಮಾಡಿದವರ ಹೆಸರು, ಅವರ ಹುದ್ದೆ ಎರಡೂ ಇರಲಿ. ನೀವು ಮುಂದಿನ ಸಲ ಹೋದಾಗ ಬಾಗಿಲಲ್ಲಿ ಕುಳಿತವರನ್ನು ಮಾತಾಡಿಸಿ: "ಅಣ್ಣಾರ, ನೀವೂ ಚಿತ್ರ ತೆಗೀತೀರೇನ್ರಿ?" ಹೌದು ಎಂದರೆ ತೋರಿಸಲು ಕೇಳಿ, ಕುಳಿತು ನೋಡಿ.