ಒಂದು ‘ಎಲ್’ ಅಕ್ಷರದ ಹಿಂದಿನ ಜಗಳ

ನಾನು ಇಂಜಿನಿಯರಿಂಗ್ ಓದುವಾಗ ನಮ್ಮ ಲ್ಯಾಬಿನ ಬೋರ್ಡಿನ ಮೂಲೆಯಲ್ಲಿ ಒಂದು ಸಾಲು ಸದಾ ಇರುತ್ತಿತ್ತು: ಥ್ರೆಡ್ ಪ್ರೋಗ್ರಾಂ ಕಂಪೈಲ್ ಮಾಡುವಾಗ ಕೊನೆಗೆ ‘-ಎಲ್‌ಪಿಥ್ರೆಡ್’ ಸೇರಿಸಿ. ಯಾಕೆ ಅಂತ ಯಾರೂ ಕೇಳಲಿಲ್ಲ. ಸೇರಿಸದಿದ್ದರೆ ಎರರ್ ಬರ್ತಿತ್ತು, ಸೇರಿಸಿದರೆ ಔಟ್‌ಪುಟ್ ಬರ್ತಿತ್ತು. ವೈವಾದಲ್ಲಿ ಎಕ್ಸ್‌ಟರ್ನಲ್ ಒಬ್ಬರು ಕೇಳಿಯೇಬಿಟ್ಟರು: “ಅಲ್ಲಪ್ಪಾ, ಈ ಎಲ್ ಯಾಕೆ? ಬರೀ ‘-ಪಿಥ್ರೆಡ್’ ಅಂತ ಹಾಕಿದ್ರೆ ಆಗಲ್ವಾ?” “ಎರಡೂ ಒಂದೇ ಸರ್” ಅಂದೆ. ಅವರು ನಕ್ಕು ಮುಂದಿನ ಪ್ರಶ್ನೆಗೆ ಹೋದರು.

ಎರಡೂ ಒಂದೇ ಅಲ್ಲ ಅಂತ ನನಗೆ ಗೊತ್ತಾಗಿದ್ದು ವರ್ಷಗಳ ನಂತರ, ಫ್ರೀಬಿಎಸ್‌ಡಿ ಎಂಬ ಮುಕ್ತ ಆಪರೇಟಿಂಗ್ ಸಿಸ್ಟಮ್ಮಿನ ಇತಿಹಾಸ ಓದುವಾಗ. ನೆಟ್‌ಫ್ಲಿಕ್ಸ್ ನಿಮಗೆ ವಿಡಿಯೊ ಕಳಿಸುವ ಸರ್ವರುಗಳಲ್ಲಿ ಓಡುವುದು ಇದೇ. ಪ್ಲೇಸ್ಟೇಷನ್ 4ರ ಒಳಗಿನ ಸಿಸ್ಟಮ್ ಕೂಡ ಇದರಿಂದಲೇ ಹುಟ್ಟಿದ್ದು.

ವಿಳಾಸ ಮತ್ತು ಬೇಡಿಕೆ

ಒಂದೇ ಪ್ರೋಗ್ರಾಂ ಏಕಕಾಲಕ್ಕೆ ಹಲವು ಕೆಲಸ ಮಾಡಬೇಕಾದಾಗ ಅದು ಥ್ರೆಡ್‌ಗಳನ್ನು ಹುಟ್ಟಿಸುತ್ತದೆ. ಬ್ರೌಸರ್ ಒಂದು ಕಡೆ ಫೈಲ್ ಇಳಿಸುತ್ತಾ ಇನ್ನೊಂದು ಕಡೆ ವಿಡಿಯೊ ತೋರಿಸುತ್ತದಲ್ಲ, ಹಾಗೆ. ಥ್ರೆಡ್ ಹುಟ್ಟಿಸುವ ಫಂಕ್ಷನ್‌ಗಳ ಹೆಸರು ಮತ್ತು ನಡವಳಿಕೆಯನ್ನು 1995ರಲ್ಲಿ ಪೋಸಿಕ್ಸ್ ಮಾನದಂಡ ನಿಗದಿ ಮಾಡಿತು. ‘ಪಿಥ್ರೆಡ್’ನ ‘ಪಿ’ ಬಂದಿರುವುದು ಅಲ್ಲಿಂದ.

ನಿಮ್ಮ ಕೋಡಿನಲ್ಲಿ ಇರುವುದು “ಒಂದು ಥ್ರೆಡ್ ಮಾಡು” ಎಂಬ ಕರೆ ಮಾತ್ರ. ಅದನ್ನು ನಿಜವಾಗಿ ಮಾಡುವ ಕೋಡ್ ಬೇರೊಂದು ಫೈಲಿನಲ್ಲಿ, ಅಂದರೆ ಲೈಬ್ರರಿಯಲ್ಲಿ ಇರುತ್ತದೆ. ಎರಡನ್ನೂ ಜೋಡಿಸುವವನು ಲಿಂಕರ್. ‘-ಎಲ್‌ಪಿಥ್ರೆಡ್’ ಅಂದರೆ “ಲಿಬ್‌ಪಿಥ್ರೆಡ್ ಎಂಬ ಹೆಸರಿನ ಫೈಲ್ ಹುಡುಕಿ ಜೋಡಿಸು” ಅಂತ. ‘-ಪಿಥ್ರೆಡ್’ ಅಂದರೆ “ಈ ಪ್ರೋಗ್ರಾಂ ಥ್ರೆಡ್ ಬಳಸುತ್ತೆ, ಈ ಸಿಸ್ಟಮ್ಮಿನಲ್ಲಿ ಅದಕ್ಕೆ ಏನೇನು ಬೇಕೋ ನೀನೇ ನೋಡ್ಕೋ” ಅಂತ. ಮೊದಲನೆಯದು ವಿಳಾಸ, ಎರಡನೆಯದು ಬೇಡಿಕೆ.

ಹೆಸರು ಒಂದು, ಮನೆ ಮೂರು

2000ದಲ್ಲಿ ಬಂದ ಫ್ರೀಬಿಎಸ್‌ಡಿ 4ರಲ್ಲಿ ಥ್ರೆಡ್‌ಗಳ ಲೈಬ್ರರಿಯ ಹೆಸರು ಲಿಬ್‌ಸಿ_ಆರ್. ‘-ಪಿಥ್ರೆಡ್’ ಹಾಕಿದರೆ ಕಂಪೈಲರ್ ಮಾಮೂಲಿ ಸಿ ಲೈಬ್ರರಿಯ ಜಾಗದಲ್ಲಿ ಇದನ್ನು ಜೋಡಿಸುತ್ತಿತ್ತು. ಇದಕ್ಕೆ ಒಂದು ದೊಡ್ಡ ಮಿತಿ ಇತ್ತು. ಥ್ರೆಡ್‌ಗಳ ವಿಷಯ ಕರ್ನಲ್‌ಗೆ ಗೊತ್ತೇ ಇರಲಿಲ್ಲ, ಅದರ ಕಣ್ಣಿಗೆ ಕಾಣುತ್ತಿದ್ದುದು ಒಂದೇ ಪ್ರಾಸೆಸ್. ಹಾಗಾಗಿ ಯಂತ್ರದಲ್ಲಿ ನಾಲ್ಕು ಪ್ರಾಸೆಸರ್ ಇದ್ದರೂ ಅಷ್ಟೂ ಥ್ರೆಡ್‌ಗಳಿಗೆ ಸಿಗುತ್ತಿದ್ದುದು ಒಂದೇ. ಒಂದು ಥ್ರೆಡ್ ಡಿಸ್ಕ್‌ಗಾಗಿ ಕಾದು ನಿಂತರೆ ಉಳಿದವೂ ಕಾಯಬೇಕು.

ಮುಂದಿನ 5ನೇ ಆವೃತ್ತಿಯಲ್ಲಿ ಇನ್ನೆರಡು ಪ್ರಯೋಗ ಶುರುವಾದವು. ಕೆಎಸ್‌ಇ ಎಂಬುದು ಬಹಳಷ್ಟು ಥ್ರೆಡ್‌ಗಳನ್ನು ಕೆಲವೇ ಕರ್ನಲ್ ಘಟಕಗಳ ಮೇಲೆ ಹಂಚುವ ಜಾಣ ವಿನ್ಯಾಸ. ಲಿಬ್‌ಥರ್ ಎಂಬುದು ಒಂದು ಥ್ರೆಡ್‌ಗೆ ಒಂದು ಕರ್ನಲ್ ಥ್ರೆಡ್ ಎಂಬ ನೇರ ವಿನ್ಯಾಸ. ಈಗ ಒಂದೇ ಕೆಲಸಕ್ಕೆ ಮೂರು ಲೈಬ್ರರಿ!

2003ರಲ್ಲಿ ಡೆವಲಪರ್‌ಗಳು ಒಂದು ತರ್ಕ ಮುಂದಿಟ್ಟರು: ಮೂರು ಇವೆಯಲ್ಲ, ಯಾವುದು ಬೇಕು ಅಂತ ಪ್ರೋಗ್ರಾಂ ಬರೆಯುವವರೇ ಹೆಸರಿಸಲಿ, ‘-ಪಿಥ್ರೆಡ್’ ಏನನ್ನೂ ಜೋಡಿಸುವುದು ಬೇಡ. ಕೇಳಲು ಸರಿಯಾಗೇ ಇದೆ. ಆದರೆ ಹೊರಗಿನವರು ಬರೆದ ಎಷ್ಟೋ ತಂತ್ರಾಂಶಗಳು ‘-ಪಿಥ್ರೆಡ್’ ನೆಚ್ಚಿಕೊಂಡಿದ್ದವು. ಅವು ಬಿಲ್ಡ್ ಆಗದೆ ಮುರಿದು ಬಿದ್ದವು. ದೊಡ್ಡ ಜಗಳವೇ ನಡೆದು, ಕೊನೆಗೆ ಆ ಆಯ್ಕೆಗೆ ಅದರ ಕೆಲಸ ವಾಪಸ್ ಸಿಕ್ಕಿತು.

ಮುಂದೇನಾಯ್ತು ನೋಡಿ. 2004ರ 5.3ರಲ್ಲಿ ಕೆಎಸ್‌ಇ ಲೈಬ್ರರಿ ‘ಲಿಬ್‌ಪಿಥ್ರೆಡ್’ ಎಂಬ ಹೆಸರಿನಲ್ಲಿ ಡೀಫಾಲ್ಟ್ ಆಯಿತು. ಬಹು ಪ್ರಾಸೆಸರ್ ಯಂತ್ರಗಳಲ್ಲಿ ಸರಳ ವಿನ್ಯಾಸವೇ ಚೆನ್ನಾಗಿ ಓಡಿದ್ದರಿಂದ 2008ರ 7.0ರಲ್ಲಿ ಆ ಜಾಗಕ್ಕೆ ಲಿಬ್‌ಥರ್ ಬಂತು. 8ನೇ ಆವೃತ್ತಿಯ ಹೊತ್ತಿಗೆ ಕೆಎಸ್‌ಇ ಇರಲೇ ಇಲ್ಲ. ಒಳಗಿನ ಯಂತ್ರಾಂಗ ಇಷ್ಟು ಸಲ ಬದಲಾದರೂ ‘-ಪಿಥ್ರೆಡ್’ ಬರೆದವರು ತಮ್ಮ ಬಿಲ್ಡ್ ಸಾಲನ್ನು ಮುಟ್ಟಬೇಕಾಗಲಿಲ್ಲ. ಲೈಬ್ರರಿಯನ್ನು ಹೆಸರಿಟ್ಟು ಕರೆದವರಿಗೆ ತಿದ್ದಬೇಕಾದ ಸಂದರ್ಭ ಬರುತ್ತಿತ್ತು.

ತಿದ್ದದೇ ಬಿಟ್ಟರೆ? ಪ್ರೋಗ್ರಾಂ ಒಂದು ಥ್ರೆಡ್ ಲೈಬ್ರರಿಗೆ, ಅದು ಬಳಸುವ ಇನ್ನೊಂದು ಲೈಬ್ರರಿ ಬೇರೆ ಥ್ರೆಡ್ ಲೈಬ್ರರಿಗೆ ಲಿಂಕ್ ಆಗಿ, ಒಂದೇ ಪ್ರಾಸೆಸ್ ಒಳಗೆ ಇಬ್ಬರು ಮೇಸ್ತ್ರಿಗಳು. ಪ್ರೋಗ್ರಾಂ ಕ್ರ್ಯಾಶ್. ಇದಕ್ಕೆ ಲಿಬ್‌ಮ್ಯಾಪ್ ಎಂಬ ವ್ಯವಸ್ಥೆ ಇತ್ತು: “ಆ ಲೈಬ್ರರಿ ಕೇಳಿದವರಿಗೆ ಈ ಲೈಬ್ರರಿ ಕೊಡು” ಅಂತ ಯಂತ್ರದ ಒಡೆಯರೇ ಒಂದು ಪಠ್ಯ ಫೈಲಿನಲ್ಲಿ ಒಂದು ಸಾಲು ಬರೆಯಬಹುದಿತ್ತು. ಮತ್ತೆ ಕಂಪೈಲ್ ಮಾಡುವ ಅಗತ್ಯ ಇರಲಿಲ್ಲ.

ಬದಲಾವಣೆಯ ಬಿಲ್ ಯಾರಿಗೆ?

ರಾಜಕೀಯ ಓದೋಕೆ ಬಂದವರಿಗೆ ಇದೆಲ್ಲ ಯಾಕೆ ಅಂತೀರಾ? ಇಲ್ಲಿರುವ ಪ್ರಶ್ನೆ ನಮಗೂ ಪರಿಚಿತ. ವ್ಯವಸ್ಥೆ ಬದಲಾದಾಗ ಅದರ ಹೊರೆ ಹೊರುವವರು ಯಾರು? ರೇಷನ್ ಪಡೆಯುವವರಿಗೆ ಬೇಕಿರುವುದು ಅಕ್ಕಿ. ಹಿಂದೆ ಯಾವ ಸರ್ವರ್ ಇದೆ, ಯಾವ ಆ್ಯಪ್ ಬದಲಾಯಿತು ಅನ್ನುವುದು ಅವರ ತಲೆನೋವು ಆಗಬಾರದು. ಆದರೂ “ಸರ್ವರ್ ಡೌನ್, ನಾಳೆ ಬನ್ನಿ” ಅಂತ ವಾಪಸ್ ಹೋಗುವವರು ಅವರೇ. ‘ಬಳಸುವವರೇ ಹೆಸರಿಸಲಿ’ ಎಂಬ 2003ರ ತರ್ಕದಲ್ಲೂ ಇದೇ ದೋಷ ಇತ್ತು. ಒಳಗಿನವರ ಗೊಂದಲವನ್ನು ಆಯ್ಕೆಯ ಸ್ವಾತಂತ್ರ್ಯ ಅಂತ ಕರೆದು ಹೊರಗಿನವರ ಹೆಗಲಿಗೆ ಹಾಕುವುದು. ಫ್ರೀಬಿಎಸ್‌ಡಿಯಲ್ಲಿ ತಪ್ಪು ಬಹಿರಂಗವಾಗಿ ಆಯಿತು, ಜಗಳವೂ ಬಹಿರಂಗವಾಗಿ ನಡೆಯಿತು, ಆದ್ದರಿಂದ ತಿದ್ದಲೂ ಆಯಿತು.

ಲಿನಕ್ಸ್ ಲೋಕದಲ್ಲೂ ಇದಕ್ಕೊಂದು ಕೊನೆಯ ಅಧ್ಯಾಯ ಇದೆ. 2021ರಲ್ಲಿ ಬಂದ ಜಿಲಿಬ್‌ಸಿ 2.34ರಲ್ಲಿ ಥ್ರೆಡ್ ಕೋಡ್ ಮುಖ್ಯ ಸಿ ಲೈಬ್ರರಿಯ ಒಳಗೇ ಸೇರಿಹೋಯಿತು. ಹಳೆಯ ಬಿಲ್ಡ್ ಸಾಲುಗಳು ಮುರಿಯದಿರಲಿ ಅಂತ ಲಿಂಕರ್‌ಗಾಗಿ ಲಿಬ್‌ಪಿಥ್ರೆಡ್ ಹೆಸರಿನ ಒಂದು ಖಾಲಿ ಫೈಲ್ ಉಳಿಸಿಕೊಂಡಿದ್ದಾರೆ. ನಮ್ಮ ಬೋರ್ಡಿನ ಸಾಲು ಇವತ್ತಿನ ಲಿನಕ್ಸ್‌ನಲ್ಲಿ ಜೋಡಿಸುವುದು ಆ ಖಾಲಿ ಡಬ್ಬವನ್ನು.

ಈಗ ಕೋಡ್ ಕಲಿಯುತ್ತಿರುವವರಿಗೆ ಒಂದೇ ಮಾತು: ‘-ಪಿಥ್ರೆಡ್’ ಬರೆಯಿರಿ, ಕಂಪೈಲ್ ಹಂತದಲ್ಲೂ ಲಿಂಕ್ ಹಂತದಲ್ಲೂ. ವೈವಾದಲ್ಲಿ ಯಾಕೆ ಅಂತ ಕೇಳಿದರೆ “ಎರಡೂ ಒಂದೇ ಸರ್” ಅನ್ನಬೇಡಿ.