ಮಂಡಿಗೊಂದು ಸರ್ವರ್

ಶಿವಮೊಗ್ಗದ ಅಡಿಕೆ ಮಂಡಿಯೊಂದರ ಯಜಮಾನರು ನನ್ನನ್ನು ಕರೆಸಿದ್ದು ಏಪ್ರಿಲ್ ಕೊನೆಯಲ್ಲಿ. "ಒಂದು ಸರ್ವರ್ ಹಾಕಿಕೊಡಿ ಮಾರಾಯ್ರೆ, ಲಕ್ಷ ರೂಪಾಯಿ ಒಳಗೆ ಮುಗೀಬೇಕು" ಎಂದರು. ಯಾವ ಕಂಪನಿಯದು, ಎಷ್ಟು ಜಿಬಿಯದು ಅಂತ ನಾನು ಹೇಳಲಿ ಎಂದು ಕಾದರು. ನಾನು ಕೇಳಿದ್ದೇ ಬೇರೆ. "ನಾಳೆ ಬೆಳಿಗ್ಗೆ ಕಂಪ್ಯೂಟರಿನಲ್ಲಿ ಲೆಕ್ಕ ತೆರೆಯಲೇ ಇಲ್ಲ ಅಂದ್ರೆ ಎಷ್ಟು ಹೊತ್ತು ತಡ್ಕೋತೀರಿ?"

ಅವರು ಗುಮಾಸ್ತರ ಕಡೆ ನೋಡಿದರು. ಟೆಂಡರ್ ದಿನವಾದರೆ ಅರ್ಧ ಗಂಟೆಯೂ ಆಗದು, ಬೆಳೆಗಾರರು ಪಟ್ಟಿ ಕೇಳಿಕೊಂಡು ಬಾಗಿಲಲ್ಲೇ ನಿಂತಿರುತ್ತಾರೆ ಎಂದರು ಗುಮಾಸ್ತರು. "ಸರಿ, ಲೆಕ್ಕ ಕಳೆದೇ ಹೋದ್ರೆ ಎಷ್ಟು ದಿನದ್ದು ಮತ್ತೆ ಬರೀಬಲ್ಲಿರಿ?" "ಒಂದು ದಿನದ್ದು ಸಾರ್. ತೂಕದ ಚೀಟಿ ಇರ್ತಾವೆ. ಅದಕ್ಕಿಂತ ಹಿಂದಿಂದು ಅಂದ್ರೆ ದೇವರೇ ಗತಿ."

ಅರ್ಧ ಗಂಟೆ, ಒಂದು ದಿನ. ನನ್ನ ಖರೀದಿ ಪಟ್ಟಿ ಹುಟ್ಟುವುದು ಈ ಎರಡು ಉತ್ತರಗಳಿಂದ. ಪ್ರೊಸೆಸರಿನ ಹೆಸರು ಆಮೇಲಿನ ಮಾತು.

ಅಲ್ಲಿದ್ದ ಏರ್ಪಾಡು ಸಣ್ಣ ವ್ಯಾಪಾರದ ಯಾವ ಕಚೇರಿಯಲ್ಲಾದರೂ ಕಾಣುವಂಥದ್ದೇ. ಆರು ಕಂಪ್ಯೂಟರ್, ಹಲವರು ಒಟ್ಟಿಗೆ ಬಳಸಬಹುದಾದ ಟ್ಯಾಲಿ ಗೋಲ್ಡ್ ಲೈಸೆನ್ಸ್. 1986ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಕಂಪನಿಯ ಈ ತಂತ್ರಾಂಶ ಇಂದು ಮಂಡಿ, ಮಿಲ್ಲು, ಬಟ್ಟೆ ಅಂಗಡಿಗಳ ಲೆಕ್ಕದ ಪುಸ್ತಕವೇ ಆಗಿಬಿಟ್ಟಿದೆ. ಲೆಕ್ಕದ ಕಡತಗಳಿದ್ದದ್ದು ಗುಮಾಸ್ತರ ಕಂಪ್ಯೂಟರಿನಲ್ಲಿ. ಅವರು ಅದನ್ನು ರೀಸ್ಟಾರ್ಟ್ ಮಾಡಿದರೆ ಉಳಿದ ಐವರ ಪರದೆಯೂ ನಿಲ್ಲುತ್ತಿತ್ತು. ಹಲವು ವರ್ಷಗಳ ಲೆಕ್ಕವೆಲ್ಲ ಸೇರಿ 4 ಜಿಬಿ. ಬೆಳೆಗಾರರ ದಾಖಲೆಗಳ ಸ್ಕ್ಯಾನ್ ಪ್ರತಿಗಳು ಇನ್ನೊಂದು 200 ಜಿಬಿ. "ನಿಧಾನ, ನಿಧಾನ" ಎಂಬ ದೂರಿಗೆ ಅರ್ಧ ಕಾರಣ ಮೇಜಿನ ಕೆಳಗೆ ದೂಳು ತಿನ್ನುತ್ತಿದ್ದ ಹಳೆಯ ಸ್ವಿಚ್. ಸೆಕೆಂಡಿಗೆ 100 ಮೆಗಾಬಿಟ್ ಎಂದರೆ ಹೆಚ್ಚೆಂದರೆ 12.5 ಮೆಗಾಬೈಟ್. ಗಿಗಾಬಿಟ್ ಸ್ವಿಚ್ ಹಾಕಿದರೆ ಅದರ ಹತ್ತು ಪಟ್ಟು. ಸರ್ವರ್ ತರುವ ಮೊದಲೇ ಸ್ವಿಚ್ ಬದಲಿಸಿದೆ. ಗ್ರಾಹಕರ ಹಣ ಉಳಿಸುವುದು ಇಂಥಲ್ಲಿಂದಲೇ ಶುರುವಾಗಬೇಕು.

ಹಾಗಾದರೆ ಸರ್ವರ್ ಬೇಕೇ ಬೇಕಿತ್ತೇ? ಮೂರು ನಾಲ್ಕು ಕಂಪ್ಯೂಟರಿನ ಅಂಗಡಿಯಾಗಿದ್ದರೆ ಬೇಡ ಎನ್ನುತ್ತಿದ್ದೆ. ವಿಂಡೋಸ್ 11ರ ಪ್ರೊ ಆವೃತ್ತಿ ಕಡತ ಹಂಚಿಕೆಗೆ ಏಕಕಾಲಕ್ಕೆ 20 ಸಂಪರ್ಕಗಳವರೆಗೆ ಅವಕಾಶ ಕೊಡುತ್ತದೆ. ಯಾರೂ ಕೂರದ ಮೂಲೆಯಲ್ಲಿ ಒಳ್ಳೆಯ ಡೆಸ್ಕ್‌ಟಾಪ್ ಒಂದನ್ನು ಇಟ್ಟು, ಲೆಕ್ಕವನ್ನು ಅದರೊಳಗೆ ಇಟ್ಟರೆ ಸಾಕು. ಕ್ಲೌಡ್ ಬಾಡಿಗೆಗೆ ಹೋಗಬಹುದಲ್ಲ ಎಂದು ಕೇಳುವವರೂ ಇದ್ದಾರೆ. ಮಳೆಗಾಲದಲ್ಲಿ ಇಂಟರ್‌ನೆಟ್ ಹೋಗಿ ಬಂದು ಮಾಡುವ ಊರಿನಲ್ಲಿ "ಅರ್ಧ ಗಂಟೆಯೂ ಆಗದು" ಎನ್ನುವವರಿಗೆ ನಾನು ಅದನ್ನು ಹೇಳಲಾರೆ. ಮಂಡಿಯಲ್ಲಿ ನಿಂತ ಗಂಟೆಗೊಂದು ಬೆಲೆಯಿದೆ. ಹಾಗಾಗಿ ಸರ್ವರ್ ಎಂದೇ ಕಟ್ಟಿದ ಪೆಟ್ಟಿಗೆಯನ್ನು ಒಪ್ಪಿದೆ.

ಯಜಮಾನರ ಅಳಿಯ ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಬಳಸಿದ ರ‍್ಯಾಕ್ ಸರ್ವರ್ ನೋಡಿ ಬಂದಿದ್ದರು. ದೊಡ್ಡ ಕಂಪನಿಯೊಂದು ಕಳಚಿ ಮಾರಿದ್ದು, ಎರಡು ಪ್ರೊಸೆಸರ್, ಬೆಲೆ ಹೊಸದರ ಅರ್ಧಕ್ಕಿಂತ ಕಡಿಮೆ. ಆಸೆ ಹುಟ್ಟಿಸುವ ಮಾಲು ನಿಜ. ಅದನ್ನು ತರಲೇಬಾರದೆಂದು ನಾನು ವಾದ ಹೂಡಲಿಲ್ಲ, ಕಾಗದದ ಮೇಲೆ ಕರೆಂಟಿನ ಲೆಕ್ಕ ಬರೆದು ತೋರಿಸಿದೆ. ಅಂಥ ಯಂತ್ರ 200 ವಾಟ್ ಎಳೆಯುತ್ತದೆ ಎಂದುಕೊಳ್ಳಿ. ಹಗಲು ರಾತ್ರಿ ಓಡಿದರೆ ವರ್ಷಕ್ಕೆ 1752 ಯೂನಿಟ್. 60 ವಾಟ್ ಎಳೆಯುವ ಸಣ್ಣ ಟವರ್ ಸರ್ವರಿಗೆ 526 ಯೂನಿಟ್. ಯೂನಿಟ್ಟಿಗೆ 8 ರೂಪಾಯಿ ಹಿಡಿದರೂ ವರ್ಷಕ್ಕೆ 9,800 ರೂಪಾಯಿ ವ್ಯತ್ಯಾಸ, ಐದು ವರ್ಷಕ್ಕೆ 49,000. ಉಳಿತಾಯ ಮೀಟರಿನಲ್ಲೇ ಕರಗಿತು. ಮೇಲಿಂದ ತೆಳು ರ‍್ಯಾಕ್ ಪೆಟ್ಟಿಗೆಯ ಸಣ್ಣ ಫ್ಯಾನುಗಳು ಎಬ್ಬಿಸುವ ಶಬ್ದದಲ್ಲಿ ಗುಮಾಸ್ತರು ಫೋನಿನಲ್ಲಿ ದರ ಹೇಳುವುದೂ ಕಷ್ಟ. ಬಿಡಿಭಾಗ ಕೆಟ್ಟರೆ ಮತ್ತೆ ಬೆಂಗಳೂರಿಗೇ ಬಸ್ಸು ಹತ್ತಬೇಕು.

ಹೊಸ ಟವರ್ ಸರ್ವರುಗಳಲ್ಲಿ ಡೆಲ್ಲಿನ ಪವರ್‌ಎಡ್ಜ್ ಟಿ150, ಎಚ್‌ಪಿಇಯ ಎಂಎಲ್30, ಲೆನೊವೊದ ಎಸ್‌ಟಿ50 ಒಂದೇ ಸಾಲಿನವು. ಒಂದೇ ಪ್ರೊಸೆಸರ್, ನೋಡಲು ಸಾಮಾನ್ಯ ಕಂಪ್ಯೂಟರಿನಂತೆಯೇ. ಇವುಗಳ ನಡುವೆ ಆರಿಸಲು ನನಗೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಯಾರ ಸರ್ವಿಸ್ ಎಂಜಿನಿಯರ್ ಅದೇ ಊರಿನಲ್ಲಿದ್ದಾರೆ, ಮಾರನೆಯ ಕೆಲಸದ ದಿನ ಮನೆ ಬಾಗಿಲಿಗೆ ಬರುವ ವಾರಂಟಿ ಯಾರದ್ದು ಅಗ್ಗ ಎಂದು ಕೇಳಿ ಆರಿಸುತ್ತೇನೆ. ಆರು ಜನರ ಟ್ಯಾಲಿಗೆ ನಾಲ್ಕು ಕೋರಿನ ಪ್ರೊಸೆಸರ್, 16 ಜಿಬಿ ಮೆಮೊರಿ ಧಾರಾಳ.

ಆದರೆ ಆ ಮೆಮೊರಿ ಇಸಿಸಿ ಆಗಿರಲೇಬೇಕು. ಅದರ ಹಿಂದಿನ ಕಥೆ ನನಗೆ ಬಲು ಇಷ್ಟ. 1940ರ ದಶಕದ ಕೊನೆಯಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ರಿಚರ್ಡ್ ಹ್ಯಾಮಿಂಗ್ ಎಂಬ ಗಣಿತಜ್ಞ ವಾರಾಂತ್ಯದಲ್ಲಿ ರಿಲೇ ಕಂಪ್ಯೂಟರಿಗೆ ಲೆಕ್ಕ ಕೊಟ್ಟು ಹೋಗುತ್ತಿದ್ದರು. ಯಂತ್ರ ತಪ್ಪೊಂದನ್ನು ಪತ್ತೆ ಹಚ್ಚಿದರೆ ಅವರ ಲೆಕ್ಕವನ್ನು ಕೈಬಿಟ್ಟು ಮುಂದಿನದಕ್ಕೆ ಹೋಗಿಬಿಡುತ್ತಿತ್ತು. ತಪ್ಪಾಗಿದೆ ಎಂದು ಗುರುತಿಸಬಲ್ಲ ಯಂತ್ರ, ತಪ್ಪು ಎಲ್ಲಿದೆ ಎಂದು ಹುಡುಕಿ ತಾನೇ ಏಕೆ ತಿದ್ದಬಾರದು ಎಂದು ಅವರು ಯೋಚಿಸಿದರು. ಆ ವಿಧಾನ 1950ರಲ್ಲಿ ಪ್ರಕಟವಾಯಿತು. ಇಂದಿನ ಇಸಿಸಿ ಮೆಮೊರಿ ಆ ವಂಶದ್ದು: ಒಂದು ಬಿಟ್ ಕೆಟ್ಟರೆ ತಿದ್ದುತ್ತದೆ, ಎರಡು ಕೆಟ್ಟರೆ ಸದ್ದು ಮಾಡಿ ತಿಳಿಸುತ್ತದೆ. ತಿಂಗಳುಗಟ್ಟಲೆ ಆರಿಸದೆ ಓಡುವ ಯಂತ್ರದಲ್ಲಿ ಬೆಳೆಗಾರನ ಮುಂಗಡದ ಅಂಕಿ ಸದ್ದಿಲ್ಲದೆ ಬದಲಾದರೆ ಅದನ್ನು ಯಾರು ಹಿಡಿಯಬೇಕು?

ಡಿಸ್ಕಿನ ವಿಷಯದಲ್ಲಿ ಎಸ್‌ಎಸ್‌ಡಿ ಬಿಟ್ಟು ಬೇರೆ ಮಾತಿಲ್ಲ. ನಿಮಿಷಕ್ಕೆ 7200 ಸುತ್ತು ತಿರುಗುವ ಹಾರ್ಡ್ ಡಿಸ್ಕ್ ಅರ್ಧ ಸುತ್ತಿಗೇ 4 ಮಿಲಿಸೆಕೆಂಡ್ ದಾಟುತ್ತದೆ. ಅಲ್ಲಲ್ಲಿ ಚದುರಿದ ಸಣ್ಣ ತುಣುಕುಗಳನ್ನು ಸೆಕೆಂಡಿಗೆ ನೂರರ ಆಸುಪಾಸು ಮಾತ್ರ ಓದಬಲ್ಲುದು. ಲೆಕ್ಕದ ತಂತ್ರಾಂಶ ಬೇಡುವುದು ಅಂಥ ಸಣ್ಣ ಓದುಗಳನ್ನೇ. ಎಸ್‌ಎಸ್‌ಡಿ ಅವನ್ನು ಸಾವಿರಗಟ್ಟಲೆ ಕೊಡುತ್ತದೆ. ಎರಡು ಎಸ್‌ಎಸ್‌ಡಿ ಹಾಕಿ, ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಅದೇ ಕ್ಷಣ ಬರೆಯುವಂತೆ ಕನ್ನಡಿ ಜೋಡಿ ಮಾಡಿದೆ. ಇದಕ್ಕೆ ರೇಡ್ 1 ಎನ್ನುತ್ತಾರೆ. 1988ರಲ್ಲಿ ಬರ್ಕ್ಲಿಯ ಪ್ಯಾಟರ್‌ಸನ್, ಗಿಬ್ಸನ್, ಕಾಟ್ಜ್ ಎಂಬ ಮೂವರು ರೇಡ್ ಹೆಸರಿನಲ್ಲಿ ಪ್ರಬಂಧ ಬರೆದಾಗ ಅದರ ನಡುವಿನ 'ಐ' ಅಕ್ಷರಕ್ಕೆ 'ಅಗ್ಗದ' ಎಂದೇ ಅರ್ಥವಿತ್ತು. ದುಬಾರಿ ದೊಡ್ಡ ಡಿಸ್ಕೊಂದರ ಬದಲು ಅಗ್ಗದ ಹಲವನ್ನು ಜೋಡಿಸಿ ನಂಬಬಹುದೆಂಬುದು ಅವರ ವಾದ. ಒಂದು ಡಿಸ್ಕ್ ಸತ್ತರೂ ಮಂಡಿ ನಿಲ್ಲುವುದಿಲ್ಲ. "ಅರ್ಧ ಗಂಟೆ"ಗೆ ಇದು ಉತ್ತರ.

"ಒಂದು ದಿನ"ಕ್ಕೆ ಮಾತ್ರ ಇದು ಉತ್ತರವಲ್ಲ. ಇದನ್ನು ನಾನು ಕಲಿತದ್ದು ಬೇರೊಬ್ಬ ಗ್ರಾಹಕರ ಕಣ್ಣೀರಿನಿಂದ. ಕೆಲವು ವರ್ಷಗಳ ಹಿಂದೆ ಒಂದು ಕಚೇರಿಗೆ ಕನ್ನಡಿ ಜೋಡಿ ಹಾಕಿಕೊಟ್ಟು, ಬ್ಯಾಕಪ್‌ಗೆಂದು ಹೊರಗಿನ ಡಿಸ್ಕೊಂದನ್ನು ಸದಾ ಚುಚ್ಚಿಯೇ ಇಟ್ಟಿದ್ದೆ. ರ‍್ಯಾನ್ಸಮ್‌ವೇರ್ ನುಗ್ಗಿತು. ಕನ್ನಡಿ ತನ್ನ ಕೆಲಸವನ್ನು ತಪ್ಪದೆ ಮಾಡಿತು: ಬೀಗ ಬಿದ್ದ ಕಡತಗಳನ್ನೂ ಎರಡೂ ಡಿಸ್ಕಿನಲ್ಲಿ ಬರೆಯಿತು. ಚುಚ್ಚಿದ್ದ ಡಿಸ್ಕಿಗೂ ಬೀಗ ಬಿತ್ತು. ತಪ್ಪು ನನ್ನದೇ. 2017ರ ಮೇ ತಿಂಗಳ ವಾನಾಕ್ರೈ ದಾಳಿಯ ಪಾಠ ಆಗಲೇ ಕಣ್ಣ ಮುಂದಿತ್ತು. ಅದು ನುಗ್ಗಿದ ವಿಂಡೋಸ್ ಬಿರುಕಿಗೆ ಮಾರ್ಚ್‌ನಲ್ಲೇ ತೇಪೆ ಬಂದಿದ್ದರೂ ಹಾಕಿಕೊಳ್ಳದವರು ಬಲಿಯಾಗಿದ್ದರು. ಈಗ ಸರ್ವರ್ ಕೊಟ್ಟಲ್ಲೆಲ್ಲ ತಿಂಗಳ ತೇಪೆ ಹಾಕುವ ಹೊಣೆಯನ್ನು ಬರಹದಲ್ಲೇ ಒಪ್ಪಿಕೊಳ್ಳುತ್ತೇನೆ.

ಆದ್ದರಿಂದ ಮಂಡಿಗೆ ಎರಡು ಹೊರಡಿಸ್ಕ್. ರಾತ್ರಿ ಒಂದಕ್ಕೆ ಪ್ರತಿಯಾಗುತ್ತದೆ. ಬೆಳಿಗ್ಗೆ ಗುಮಾಸ್ತರು ಅದನ್ನು ಕಿತ್ತು ತಿಜೋರಿಯಲ್ಲಿಡುತ್ತಾರೆ, ಇನ್ನೊಂದನ್ನು ಚುಚ್ಚುತ್ತಾರೆ. ಶನಿವಾರ ತಿಜೋರಿಯದು ಯಜಮಾನರ ಮನೆಗೆ ಹೋಗುತ್ತದೆ, ಸೋಮವಾರ ಮರಳುತ್ತದೆ. ಜಿಎಸ್‌ಟಿ ಕಾನೂನಿನಂತೆ ಲೆಕ್ಕವನ್ನು ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ಕೊನೆಯ ದಿನದಿಂದ 72 ತಿಂಗಳು ಇಡಬೇಕು. ಹಾಗಾಗಿ ವರ್ಷಕ್ಕೊಂದು ಪ್ರತಿಯನ್ನು ಬೇರೆಯಾಗಿ ತೆಗೆದಿಡುವುದೂ ಸೇರಿತು. ವ್ಯಾಪಾರವು ಕಂಪನಿಯಾಗಿ ನೋಂದಣಿಯಾಗಿದ್ದರೆ ನಿಯಮ ಇನ್ನೂ ಬಿಗಿ: 2022ರ ತಿದ್ದುಪಡಿಯ ನಂತರ ಲೆಕ್ಕದ ಬ್ಯಾಕಪ್ಪನ್ನು ದಿನವೂ ಭಾರತದಲ್ಲಿರುವ ಸರ್ವರಿನಲ್ಲಿ ಇಡಬೇಕು.

ಲೈಸೆನ್ಸಿನಲ್ಲೂ ಹಣ ಸೋರುತ್ತದೆ. ವಿಂಡೋಸ್ ಸರ್ವರಿನ ಸ್ಟ್ಯಾಂಡರ್ಡ್ ಆವೃತ್ತಿಗೆ ಕನಿಷ್ಠ 16 ಕೋರಿನ ಲೆಕ್ಕದಲ್ಲಿ ಬೆಲೆ, ಮೇಲೆ ಬಳಕೆದಾರರಿಗೆ ಬೇರೆ ಲೈಸೆನ್ಸ್. 2022ರ ಎಸೆನ್ಶಿಯಲ್ಸ್ ಆವೃತ್ತಿ 25 ಬಳಕೆದಾರರವರೆಗೆ ಆ ಹೆಚ್ಚುವರಿ ಲೈಸೆನ್ಸ್ ಕೇಳುವುದಿಲ್ಲ. ಆರು ಜನರಿಗೆ ಅದೇ ಸರಿ.

ಮಲೆನಾಡಿನಲ್ಲಿ ಸರ್ವರನ್ನು ಕೊಲ್ಲುವುದು ಹೆಚ್ಚಾಗಿ ಕರೆಂಟು ಮತ್ತು ಸಿಡಿಲು. ಮುಂಗಾರಿಗೆ ಮೊದಲ ಸಂಜೆ ಮಳೆಗಳಲ್ಲಿ ಎಷ್ಟು ಮೋಡೆಮ್ಮು, ಸ್ವಿಚ್ಚು ಸುಟ್ಟು ನನ್ನ ಮೇಜಿಗೆ ಬರುತ್ತವೆಂದರೆ ಆ ವಾಸನೆಯಿಂದಲೇ ತಿಂಗಳು ಹೇಳಬಲ್ಲೆ. ಮಂಡಿಯ ಗೋದಾಮು ಅಂಗಳದಾಚೆ ಬೇರೆ ಕಟ್ಟಡದಲ್ಲಿತ್ತು. ತೂಕದ ಕಂಪ್ಯೂಟರ್ ಅಲ್ಲಿತ್ತು. ಎರಡು ಕಟ್ಟಡಗಳ ನಡುವೆ ಬಯಲಲ್ಲಿ ಎಳೆದ ತಾಮ್ರದ ಕೇಬಲ್ ಸಿಡಿಲಿನ ಹೊಡೆತವನ್ನು ನೇರವಾಗಿ ಸರ್ವರಿನವರೆಗೆ ಹೊತ್ತು ತರುತ್ತದೆ. ಅದನ್ನು ಕಿತ್ತು ಲೋಹದ ಎಳೆಯಿಲ್ಲದ ಫೈಬರ್ ಎಳೆಸಿದೆ. ಗಾಜಿನ ಎಳೆಯಲ್ಲಿ ಬೆಳಕು ಹರಿಯುತ್ತದೆ, ವಿದ್ಯುತ್ ಹರಿಯುವುದಿಲ್ಲ. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಅಳೆದಾಗ 11 ವೋಲ್ಟ್ ತೋರಿಸಿತು. 3 ದಾಟಿದರೆ ನಾನು ಪೆಟ್ಟಿಗೆ ಬಿಚ್ಚುವುದೇ ಇಲ್ಲ. ಎಲೆಕ್ಟ್ರಿಷಿಯನ್ ಬಂದು ಹೊಸ ಅರ್ಥಿಂಗ್ ಗುಂಡಿ ತೋಡಿದ ಮೇಲೆಯೇ ಸರ್ವರ್ ಒಳಗೆ ಬಂತು.

ಯುಪಿಎಸ್ 1 ಕೆವಿಎ ಸಾಕಾಯಿತು. ಅದರಿಂದ ಸರ್ವರಿಗೆ ಒಂದು ಯುಎಸ್‌ಬಿ ತಂತಿ ಜೋಡಿಸಬೇಕು. ಬ್ಯಾಟರಿ ಮುಗಿಯುತ್ತ ಬಂದಾಗ ಸರ್ವರ್ ತಾನಾಗಿ ಕಡತಗಳನ್ನು ಮುಚ್ಚಿ ಆರುವುದು ಆ ತಂತಿಯಿಂದ. ಪೆಟ್ಟಿಗೆಯೊಳಗೆ ಉಚಿತವಾಗಿ ಬರುವ ಈ ತಂತಿ ಎಷ್ಟೋ ಕಚೇರಿಗಳಲ್ಲಿ ಪ್ಲಾಸ್ಟಿಕ್ ಚೀಲ ಬಿಚ್ಚದೆ ಡ್ರಾಯರಿನಲ್ಲಿರುವುದನ್ನು ನೋಡಿದ್ದೇನೆ. ಬ್ಯಾಟರಿಗೆ ಆಯಸ್ಸು ಎರಡು ಮೂರು ವರ್ಷ, ಅದರ ಖರ್ಚನ್ನು ಇಂದೇ ಹೇಳಿಬಿಡಬೇಕು.

ಕೊನೆಗೆ ಲಕ್ಷದೊಳಗೆ ಮುಗಿಯಲಿಲ್ಲ, ಸ್ವಲ್ಪ ದಾಟಿತು. ನೂರು ರೂಪಾಯಿಯಲ್ಲಿ ಅರವತ್ತು ಪೆಟ್ಟಿಗೆಗೂ ಲೈಸೆನ್ಸಿಗೂ, ಉಳಿದ ನಲವತ್ತು ಯುಪಿಎಸ್, ಫೈಬರ್, ಅರ್ಥಿಂಗ್, ಹೊರಡಿಸ್ಕಿಗೂ ಹೋಯಿತು. ನೆಲದಿಂದ ಮೂರು ಅಡಿ ಮೇಲೆ, ಅಡಿಕೆ ದೂಳು ಬಾರದ ಒಳಕೋಣೆಯಲ್ಲಿ ಕಲ್ಲಿನ ಹಲಗೆಯ ಮೇಲೆ ಅದನ್ನು ಕೂರಿಸಿದೆವು.

ಒಂದು ಕೆಲಸ ಉಳಿದಿತ್ತು. ಮುಂದಿನ ತಿಂಗಳ ಮೊದಲ ಶನಿವಾರ ತಿಜೋರಿಯ ಡಿಸ್ಕ್ ತಂದು, ಸರ್ವರನ್ನು ಮುಟ್ಟದೆ, ನನ್ನ ಲ್ಯಾಪ್‌ಟಾಪಿನಲ್ಲಿ ಲೆಕ್ಕವನ್ನು ಮರಳಿ ತೆರೆದೆ. ಗುಮಾಸ್ತರು ತಮಗೆ ತೋಚಿದ ಬೆಳೆಗಾರರೊಬ್ಬರ ಖಾತೆಯ ಬಾಕಿಯನ್ನು ಹಿಂದಿನ ದಿನ ಸಂಜೆಯೇ ಮುದ್ರಿಸಿಟ್ಟುಕೊಂಡಿದ್ದರು. ಕನ್ನಡಕ ಸರಿಸಿಕೊಂಡು ಕಾಗದವನ್ನೂ ಪರದೆಯನ್ನೂ ನೋಡಿದರು. ಪೈಸೆಯವರೆಗೆ ತಾಳೆಯಾಯಿತು. ಹಿಡಿದ ಸಮಯ 21 ನಿಮಿಷ. ಅವರು ಅದನ್ನು ದಿನಾಂಕದ ಜೊತೆ ಒಂದು ಚೀಟಿಯಲ್ಲಿ ಬರೆದು ಸರ್ವರಿನ ಪಕ್ಕಕ್ಕೆ ಅಂಟಿಸಿದರು, ಕೆಳಗೆ ಮುಂದಿನ ತಿಂಗಳುಗಳಿಗೆ ಜಾಗ ಬಿಟ್ಟು.