‘ಟೀವಿ ಸುತ್ತುತ್ತಾ ಇದೆ ಕಣೇ, ಏನ್ ಮಾಡ್ಲಿ?’

ಓದು, ಕೆಲಸ ಅಂತ ಊರು ಬಿಟ್ಟು ಬಂದ ನಮ್ಮಂಥವರಿಗೆಲ್ಲ ಸಂಬಳವಿಲ್ಲದ ಇನ್ನೊಂದು ನೌಕರಿ ಇದೆ. ಅದು ಮನೆಯ ಕಸ್ಟಮರ್ ಕೇರ್. ಡ್ಯೂಟಿ ಸಂಜೆ ಏಳೂವರೆಯಿಂದ ರಾತ್ರಿ ಹತ್ತರವರೆಗೆ. ಅಮ್ಮನ ಸೀರಿಯಲ್ಲು, ಅಪ್ಪನ ಕ್ರಿಕೆಟ್ಟು, ಅಜ್ಜಿಯ ಯಕ್ಷಗಾನ ಎಲ್ಲವೂ ಈಗ ಸ್ಮಾರ್ಟ್ ಟೀವಿಯಲ್ಲಿ, ಇಂಟರ್‌ನೆಟ್ ಮೇಲೆ ಬರುತ್ತವೆ. ಹಾಗಾಗಿ ತೆರೆಯ ನಡುವೆ ಆ ಬಿಳಿ ಚಕ್ರ ತಿರುಗಲು ಶುರುವಾದರೆ ಫೋನ್ ಬರುವುದು ನಮಗೇ. ‘ಟೀವಿ ಸುತ್ತುತ್ತಾ ಇದೆ ಕಣೇ, ಏನ್ ಮಾಡ್ಲಿ?’

ನಕ್ಕು ಬಿಟ್ಟುಬಿಡುವ ಮಾತಲ್ಲ ಇದು. ಮಕ್ಕಳೆಲ್ಲ ಊರು ಬಿಟ್ಟ ಮನೆಗಳಲ್ಲಿ ಸಂಜೆಯ ಹೊತ್ತಿಗೆ ಮಾತಾಡುವ ದನಿ ಅಂದರೆ ಟೀವಿಯದ್ದು ಮಾತ್ರ. ಜೊತೆಗೆ ದುಡ್ಡಿನ ಪ್ರಶ್ನೆ ಬೇರೆ. ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ ಕಳೆದ ದೀಪಾವಳಿ ಹೊತ್ತಿಗೆ ಅಪ್ಪ ಹೊಸ ಟೀವಿಗೆ ಕಂತು ಕಟ್ಟುವ ಲೆಕ್ಕ ಹಾಕುತ್ತಿದ್ದರು. ಇದ್ದ ಟೀವಿಗೆ ಇನ್ನೂ ನಾಲ್ಕೇ ವರ್ಷ. ಅಂಗಡಿಯವರು ‘ಇದರ ಪ್ರೊಸೆಸರ್ ಸಾಕಾಗಲ್ಲ ಸಾರ್’ ಅಂದಿದ್ದರು. ಇಂಟರ್‌ನೆಟ್ ಲೈನಿನ ಹುಡುಗ ‘40ರ ಪ್ಲಾನು ಬಿಡಿ, 100ರದ್ದು ಹಾಕಿಸ್ಕೊಳ್ಳಿ’ ಅಂದಿದ್ದ. ರೌಟರ್ ಎಲ್ಲಿಟ್ಟಿದ್ದೀರಿ ಅಂತ ಮಾತ್ರ ಇಬ್ಬರೂ ಕೇಳಿರಲಿಲ್ಲ.

ಮೊದಲು ಆ 40ರ ಲೆಕ್ಕ ನೋಡಿ. ಫುಲ್ ಎಚ್‌ಡಿ ಚಿತ್ರಕ್ಕೆ ಸೆಕೆಂಡಿಗೆ 5 ಮೆಗಾಬಿಟ್ ಸಾಕು, 4ಕೆಗೆ 15 ಬೇಕು ಅಂತ ನೆಟ್‌ಫ್ಲಿಕ್ಸ್ ಹೇಳುತ್ತದೆ. ಯೂಟ್ಯೂಬ್ 4ಕೆಗೆ 20 ಅನ್ನುತ್ತದೆ. ಅಂದರೆ 40ರ ಪ್ಲಾನಿನಲ್ಲಿ ಒಂದು ಟೀವಿ, ಎರಡು ಮೊಬೈಲು ಆರಾಮಾಗಿ ನಡೆಯಬೇಕು. ನಡೆಯುತ್ತಿಲ್ಲ ಅಂದರೆ ನೀರು ತೊಟ್ಟಿಗೆ ಬರುತ್ತಿದೆ, ನಲ್ಲಿಗೆ ಮಾತ್ರ ಬರುತ್ತಿಲ್ಲ. ನಡುವೆ ಎಲ್ಲಿ ಕಟ್ಟಿಕೊಂಡಿದೆ ಅಂತ ಹುಡುಕದೆ ತೊಟ್ಟಿಯನ್ನೇ ದೊಡ್ಡದು ಮಾಡಿದರೆ ಏನು ಬಂತು?

ಹುಡುಕಲು ನಾನು ಫೋನಿನಲ್ಲಿ ಕೇಳುವುದು ಎರಡೇ ಪ್ರಶ್ನೆ. ಒಂದು, ಬೇರೆ ಆಪ್‌ ಆದರೂ ಸರಿಯಾಗಿ ಬರ್ತಿದೆಯಾ? ಒಂದೇ ಆಪ್ ಸುತ್ತುತ್ತಿದ್ದು ಉಳಿದವು ಚೆನ್ನಾಗಿದ್ದರೆ ಲೈನಿನ ಹುಡುಗನಿಗೆ ಬೈಯುವ ಅಗತ್ಯವಿಲ್ಲ, ಆ ಆಪ್‌ನ ಕಡೆ ನೋಡಬೇಕು. ಎರಡು, ಟೀವಿಯ ಪಕ್ಕದಲ್ಲೇ ನಿಂತು ಮೊಬೈಲಿನಲ್ಲಿ ಅದೇ ವಿಡಿಯೊ ಹಾಕಿದರೆ ಬರುತ್ತದಾ? ಇಲ್ಲೊಂದು ಮೋಸ ಇದೆ. ಮೊಬೈಲ್ ಡೇಟಾ ಆನ್ ಇದ್ದರೆ, ವೈಫೈ ಸೊರಗಿದಾಗ ಎಷ್ಟೋ ಫೋನುಗಳು ಸದ್ದಿಲ್ಲದೆ ಡೇಟಾಕ್ಕೆ ಜಿಗಿದುಬಿಡುತ್ತವೆ. ‘ಮೊಬೈಲಲ್ಲಿ ಚೆನ್ನಾಗೇ ಬರ್ತಿದೆ, ಟೀವೀನೇ ಕೆಟ್ಟಿರೋದು’ ಎಂಬ ತೀರ್ಪು ಹೊರಬೀಳುವುದು ಹೀಗೆ. ಡೇಟಾ ಆಫ್ ಮಾಡಿ ನೋಡಬೇಕು.

ಚಕ್ರ ಯಾಕೆ ತಿರುಗುತ್ತದೆ ಅನ್ನುವುದನ್ನೂ ಅಮ್ಮನಿಗೆ ಒಮ್ಮೆ ಹೇಳಿಕೊಟ್ಟಿದ್ದೇನೆ. ವಿಡಿಯೊ ಇಡಿಯಾಗಿ ಬರುವುದಿಲ್ಲ. ಕೆಲವೇ ಸೆಕೆಂಡಿನ ತುಂಡುಗಳಾಗಿ ಬರುತ್ತದೆ. ಮುಂದಿನ ಕೆಲವು ತುಂಡುಗಳನ್ನು ಟೀವಿ ಮೊದಲೇ ತಂದಿಟ್ಟುಕೊಂಡಿರುತ್ತದೆ. ದಾರಿ ಇಕ್ಕಟ್ಟಾದರೆ ಆಪ್ ತಾನಾಗಿಯೇ ಕಡಿಮೆ ಗುಣಮಟ್ಟದ ಸಣ್ಣ ತುಂಡು ತರಿಸಿಕೊಳ್ಳುತ್ತದೆ. ಆಗ ಮುಖಗಳೆಲ್ಲ ಮಸುಕು. ಅದೂ ಸಾಲದೆ ಸಂಗ್ರಹ ಖಾಲಿಯಾದಾಗ ಬರುವುದೇ ಚಕ್ರ. ‘ಓ, ದೋಸೆ ಹಿಟ್ಟು ಮುಗಿದ ಹಾಗೆ. ಮೊದಲು ಸಣ್ಣ ಸಣ್ಣದು ಹೊಯ್ಯೋದು, ಆಮೇಲೆ ಕಾಯಿರಿ ಅನ್ನೋದು’ ಅಂದಳು ಅಮ್ಮ. ಇಷ್ಟು ಚೆನ್ನಾಗಿ ನಮ್ಮ ಕಾಲೇಜಿನಲ್ಲೂ ಯಾರೂ ಹೇಳಿಕೊಟ್ಟಿರಲಿಲ್ಲ.

ಹಬ್ಬಕ್ಕೆ ಊರಿಗೆ ಹೋದಾಗ ಮೊಬೈಲ್ ಹಿಡಿದು ಮನೆಯೆಲ್ಲ ಓಡಾಡಿದೆ. ಫಾಸ್ಟ್ ಡಾಟ್ ಕಾಮ್ ಅಂತ ಒಂದು ಪುಟವಿದೆ, ತೆರೆದರೆ ಸಾಕು, ವೇಗ ತೋರಿಸುತ್ತದೆ. ಜಗುಲಿಯಲ್ಲಿ ರೌಟರ್ ಹತ್ತಿರ 38. ನಡುಮನೆಯಲ್ಲಿ 11. ಟೀವಿ ಇರುವ ಒಳಕೋಣೆಯಲ್ಲಿ 3. ಹೊರಗಿನಿಂದ ಕೇಬಲ್ ಬಂದ ಕಿಟಕಿಯ ಪಕ್ಕದಲ್ಲೇ ರೌಟರ್ ಕೂರಿಸಿ ಲೈನಿನ ಹುಡುಗ ಹೋಗಿದ್ದ. ಆಮೇಲೆ, ದೀಪ ಮಿಣುಕುವುದು ಚಂದ ಕಾಣುವುದಿಲ್ಲ ಅಂತ ಅದನ್ನು ಕಬ್ಬಿಣದ ಬೀರುವಿನ ಹಿಂದಕ್ಕೆ ಸರಿಸಲಾಗಿತ್ತು. ಬೀರು ಕಳೆದರೆ ಒಂದೂವರೆ ಅಡಿ ದಪ್ಪದ ಜಂಬಿಟ್ಟಿಗೆ ಗೋಡೆ, ಅಂಥವೇ ಎರಡು. ವೈಫೈ ಅಂದರೆ ರೇಡಿಯೊ ಅಲೆ. ಕಬ್ಬಿಣ ಅದನ್ನು ವಾಪಸ್ ಕಳಿಸುತ್ತದೆ, ದಪ್ಪ ಗೋಡೆ, ಅದರಲ್ಲೂ ಮಳೆಗಾಲದಲ್ಲಿ ನೀರು ಕುಡಿದ ಗೋಡೆ, ನುಂಗುತ್ತದೆ. ನಮ್ಮಜ್ಜ ಬೇಸಿಗೆಯ ಸೆಕೆ ಒಳಗೆ ಬರಬಾರದು ಅಂತ ಕಟ್ಟಿಸಿದ ಗೋಡೆ ಅದು, ಪಾಪ.

ಇನ್ನೊಂದು ಗೊಂದಲ ಆ ‘5ಜಿ’ಯದ್ದು. ಈಗಿನ ಬಹಳಷ್ಟು ರೌಟರುಗಳು ಒಂದೇ ಮನೆಗೆ ಎರಡು ವೈಫೈ ಕೊಡುತ್ತವೆ. ಒಂದು 2.4 ಗಿಗಾಹರ್ಟ್ಸ್, ಇನ್ನೊಂದು 5 ಗಿಗಾಹರ್ಟ್ಸ್. ಎರಡನೆಯದರ ಹೆಸರಿನ ಬಾಲಕ್ಕೆ 5ಜಿ ಅಂತ ಇರುತ್ತದೆ. ಮೊಬೈಲಿನ 5ಜಿಗೂ ಅದಕ್ಕೂ ನಂಟಿಲ್ಲ. 2.4 ದೂರ ಹೋಗುತ್ತದೆ, ಗೋಡೆಯನ್ನೂ ಸ್ವಲ್ಪ ದಾಟುತ್ತದೆ, ಆದರೆ ನಿಧಾನ. ಅಕ್ಕಪಕ್ಕದವರ ರೌಟರು, ಬ್ಲೂಟೂತು, ಮೈಕ್ರೊವೇವ್ ಒಲೆ ಎಲ್ಲವೂ ಅದೇ ದಾರಿಯಲ್ಲಿ ನುಗ್ಗುವುದರಿಂದ ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಅದಕ್ಕೆ ಸಂತೆಯ ಸ್ಥಿತಿ. 5 ವೇಗದ್ದು, ಆದರೆ ಗೋಡೆ ಕಂಡರೆ ಸುಸ್ತು. ಟೀವಿ, ರೌಟರ್ ಒಂದೇ ಕೋಣೆಯಲ್ಲಿದ್ದರೆ ಕಣ್ಣುಮುಚ್ಚಿ 5 ಆರಿಸಿ. ಕಡಿಮೆ ಬೆಲೆಯ ಕೆಲವು ಟೀವಿಗಳಲ್ಲಿ ಆ ಹೆಸರು ಪಟ್ಟಿಯಲ್ಲೇ ಕಾಣುವುದಿಲ್ಲ. ಅವಕ್ಕೆ 2.4 ಮಾತ್ರ ಗೊತ್ತು.

ನಮ್ಮ ಮನೆಗೆ ಎರಡೂ ಆಗಿಬರಲಿಲ್ಲ. ಕೊನೆಗೆ ಹದಿನೆಂಟು ಮೀಟರ್ ಲ್ಯಾನ್ ಕೇಬಲ್ ತಂದು, ತೊಲೆಯ ಗುಂಟ ಎಳೆದು, ಟೀವಿಯ ಬೆನ್ನಿಗೆ ಚುಚ್ಚಿದೆವು. ಹೊಸ ಟೀವಿಯ ಒಂದು ತಿಂಗಳ ಕಂತಿಗಿಂತ ಕಡಿಮೆ ಖರ್ಚು. ಎಷ್ಟೋ ಟೀವಿಗಳ ಲ್ಯಾನ್ ಕಿಂಡಿ 100 ಮೆಗಾಬಿಟ್‌ಗಿಂತ ಹೆಚ್ಚು ಒಳಬಿಡುವುದಿಲ್ಲ ಅಂತ ಕೆಲವರು ಮೂಗು ಮುರಿಯುತ್ತಾರೆ. ಮುರಿಯಲಿ ಬಿಡಿ, 4ಕೆ ನೋಡಲು ಅದು ಧಾರಾಳವಾಯಿತು. ನಮಗಿರುವ ಭಯ ಇಲಿಗಳದ್ದು ಮಾತ್ರ.

ಟೀವಿಯದ್ದೇ ತಪ್ಪಿರುವುದಿಲ್ಲವೇ? ಇರುತ್ತದೆ. ರಿಮೋಟಿನಲ್ಲಿ ಆಫ್ ಮಾಡಿದರೆ ಅದು ಮಲಗುತ್ತದೆ ಅಷ್ಟೆ, ಆರುವುದಿಲ್ಲ. ತಿಂಗಳುಗಟ್ಟಲೆ ಹೀಗೆ ಅರೆನಿದ್ದೆಯಲ್ಲಿದ್ದರೆ ಮಂಕಾಗುತ್ತದೆ. ಗೋಡೆಯ ಸ್ವಿಚ್ಚನ್ನೇ ಆರಿಸಿ ಒಂದು ನಿಮಿಷ ಬಿಟ್ಟು ಹಾಕಬೇಕು. ರೌಟರಿಗೂ ಅದೇ ಮದ್ದು. ಬಳಸದ ಆಪ್‌ಗಳು ಜಾಗ ತಿಂದಿದ್ದರೆ ತೆಗೆದುಹಾಕಬೇಕು, ಕಾಟ ಕೊಡುವ ಆಪ್‌ನ ಕ್ಯಾಶ್ ಅಳಿಸಬೇಕು. ಕರೆಂಟು ಹೋಗಿ ಬಂದ ಮೇಲೆ ಯಾವ ಆಪ್‌ ಕೂಡ ತೆರೆಯುತ್ತಿಲ್ಲವೆಂದರೆ ಸೆಟ್ಟಿಂಗ್ಸಿಗೆ ಹೋಗಿ ತಾರೀಕು ನೋಡಿ. ಟೀವಿಯ ಗಡಿಯಾರ ಯಾವುದೋ ಹಳೆಯ ವರ್ಷದಲ್ಲಿ ನಿಂತಿದ್ದರೆ, ಎದುರಿನ ಸರ್ವರ್ ತೋರಿಸುವ ಡಿಜಿಟಲ್ ಗುರುತಿನ ಚೀಟಿ ಅದಕ್ಕೆ ಸುಳ್ಳೆಂದು ಕಾಣುತ್ತದೆ, ಬಾಗಿಲು ತೆರೆಯುವುದಿಲ್ಲ.

ಇಂಥ ಚೀಟಿಯ ಅವಧಿ ಮುಗಿದರೂ ಫಜೀತಿಯೇ. 2025ರ ಮಾರ್ಚ್ 9ರಂದು ಜಗತ್ತಿನಾದ್ಯಂತ ಎರಡನೇ ತಲೆಮಾರಿನ ಕ್ರೋಮ್‌ಕಾಸ್ಟ್‌ಗಳು ಒಟ್ಟಿಗೇ ಕೈಕೊಟ್ಟಿದ್ದು ಇದಕ್ಕೇ. 2015ರಲ್ಲಿ ಬಂದ ಆ ಸಾಧನದ ಪ್ರಮಾಣಪತ್ರದ ಆಯಸ್ಸು ತೀರಿತ್ತು. ಫ್ಯಾಕ್ಟರಿ ರೀಸೆಟ್ ಮಾತ್ರ ಮಾಡಬೇಡಿ ಅಂತ ಗೂಗಲ್ ಕೇಳಿಕೊಂಡಿತು. ಆದರೆ ಅಷ್ಟರಲ್ಲಿ ಎಷ್ಟೋ ಮಂದಿ ಮಾಡಿಬಿಟ್ಟಿದ್ದರು. ದುರಸ್ತಿಯ ಅಪ್‌ಡೇಟ್ ಬಂದಾಗ ಸುಮ್ಮನೆ ಕೂತಿದ್ದವರ ಟೀವಿ ತಾನಾಗಿ ಸರಿಹೋಯಿತು, ರೀಸೆಟ್ ಮಾಡಿದವರು ಇನ್ನಷ್ಟು ದಿನ ಪರದಾಡಿದರು. ನಮ್ಮ ಮನೆಗಳಲ್ಲಿ ರೀಸೆಟ್ ಇನ್ನೂ ದೊಡ್ಡ ಸಂಕಟ. ಪಾಸ್‌ವರ್ಡ್ ಯಾರಿಗೂ ನೆನಪಿರುವುದಿಲ್ಲ, ಒಟಿಪಿ ಹೋಗುವುದು ಮಂಗಳೂರಿನ ಚಿಕ್ಕಪ್ಪನ ಫೋನಿಗೆ. ಚಿಕ್ಕಪ್ಪ ಒಂಬತ್ತಕ್ಕೆಲ್ಲ ಮಲಗಿಬಿಡುತ್ತಾರೆ.

ಕೆಲವು ದಿನ ತೊಡಕು ಮನೆಯೊಳಗೇ ಇರುವುದಿಲ್ಲ. 2023ರ ನವೆಂಬರ್ 19ರ ವಿಶ್ವಕಪ್ ಫೈನಲ್ಲನ್ನು ಒಂದು ಹಂತದಲ್ಲಿ 5.9 ಕೋಟಿ ಜನ ಒಂದೇ ಆಪ್‌ನಲ್ಲಿ ಏಕಕಾಲಕ್ಕೆ ನೋಡುತ್ತಿದ್ದರು. ಅಂಥ ಸಂಜೆ ಚಿತ್ರ ಮಸುಕಾದರೆ ಬೀರು ಸರಿಸಿ ಪ್ರಯೋಜನವಿಲ್ಲ. ಗುಣಮಟ್ಟವನ್ನು ಕೈಯಾರೆ 720ಕ್ಕೆ ಇಳಿಸಿ ನೋಡಬಹುದು. ಇನ್ನು ನೇರಪ್ರಸಾರ ತಡವಾಗಿ ಬರುವುದಕ್ಕೆ ಯಾವ ಕೇಬಲ್ ಎಳೆದರೂ ಮದ್ದಿಲ್ಲ. ತುಂಡು ಮಾಡಿ, ಕಳಿಸಿ, ಕೂಡಿಟ್ಟು ತೋರಿಸುವಷ್ಟರಲ್ಲಿ ಹತ್ತಿಪ್ಪತ್ತು ಸೆಕೆಂಡು, ಕೆಲವೊಮ್ಮೆ ಇನ್ನೂ ಹೆಚ್ಚು ಕಳೆದಿರುತ್ತದೆ. ಪಕ್ಕದ ಮನೆಯವರು ಇನ್ನೂ ಡಿಶ್ಶಿನಲ್ಲೇ ಮ್ಯಾಚ್ ನೋಡುತ್ತಾರೆ. ವಿಕೆಟ್ ಬಿದ್ದ ಕೂಗು ಮೊದಲು ಅಡಿಕೆ ತೋಟ ದಾಟಿ ಕೇಳಿಸುತ್ತದೆ. ನಮ್ಮ ಟೀವಿಯಲ್ಲಿ ಬೌಲರ್ ಆಗಿನ್ನೂ ಓಡಿ ಬರುತ್ತಿರುತ್ತಾನೆ. ಅಜ್ಜಿ ಮಾತ್ರ ಇದರಿಂದ ಭಾರೀ ಖುಷಿಯಾಗಿದ್ದಾಳೆ. ‘ಈಗ ಔಟಾಗ್ತಾನೆ ನೋಡು’ ಅಂತ ಅಪ್ಪನಿಗೆ ಮೊದಲೇ ಹೇಳಿ, ಹೇಳಿದ್ದು ನಿಜವಾದಾಗಲೆಲ್ಲ ಎಲೆಯಡಿಕೆಯ ತಟ್ಟೆ ಹತ್ತಿರ ಎಳೆದುಕೊಳ್ಳುತ್ತಾಳೆ.